12400ಎಫ್ ಬೇಡ, 7600 ತಗೊಳ್ಳಿ, ಪವರ್ ಸಪ್ಲೈಲಿ ಮಾತ್ರ ಉಳಿಸ್ಬೇಡಿ

ಬ್ರೋ, ಗೇಮಿಂಗ್ ಪಿಸಿ ಕಟ್ಟೋಕೆ ಕಮ್ಮಿ ಬಜೆಟ್, ಆರೇಳು ವರ್ಷ ಬಾಳಿಕೆ ಬರ್ಬೇಕು, ಪ್ರೊಸೆಸರ್ ಇಂಟೆಲ್ ಐ5 12400ಎಫ್ ತಗೊಳ್ಳೋದಾ ಎಎಂಡಿ ರೈಝೆನ್ 5 7600 ತಗೊಳ್ಳೋದಾ ಅಂತ ಕೇಳಿದೀರಲ್ಲ, ಕಣ್ಮುಚ್ಕೊಂಡು 7600 ತಗೊಳ್ಳಿ. 12400ಎಫ್ ಮದರ್‌ಬೋರ್ಡ್ ಮೇಲೆ ಕೂರೋ ಸಾಕೆಟ್ ಬಿಟ್ಟು ಇಂಟೆಲ್ ಆಗ್ಲೇ ಬೇರೆ ಸಾಕೆಟ್‌ಗೆ ಹೋಗಿದೆ, 7600 ಕೂರೋ ಎಎಂ5 ಸಾಕೆಟ್‌ಗೆ ಆದ್ರೆ ಅದಕ್ಕಿಂತ ಹೊಸ ರೈಝೆನ್ 9000 ಸೀರೀಸೂ ಬಂದಿದೆ. ಅದಕ್ಕೂ ಮುಂಚಿನ ಎಎಂ4 ಸಾಕೆಟ್ ನೋಡಿ, 2017ರಲ್ಲಿ ತಗೊಂಡಿದ್ದ ಎಷ್ಟೋ ಬೋರ್ಡ್‌ಗೆ ಬಯೋಸ್ (ಬೋರ್ಡ್‌ನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ 2022ರ ರೈಝೆನ್ 5800ಎಕ್ಸ್3ಡಿ ಹಾಕ್ಕೊಂಡ್ರು ಜನ, ಬರೀ ಪ್ರೊಸೆಸರ್ ಬದಲಾಯಿಸಿದ್ರೆ ಸಾಕಾಯ್ತು. ಒಂದೇ ಕಷ್ಟ, ಎಎಂ5ಗೆ ಡಿಡಿಆರ್5 ರ‍್ಯಾಮೇ ಬೇಕು, ಖರ್ಚು ಜಾಸ್ತಿ. ದುಡ್ಡು ಸಾಲ್ದಿದ್ರೆ ಈಗ 16 ಜಿಬಿ ಹಾಕಿ.

ಗ್ರಾಫಿಕ್ಸ್ ಕಾರ್ಡ್‌ದು ಮೆಮೊರಿ 8 ಜಿಬಿ ಬೇಡ, ಹೊಸ ಗೇಮ್‌ಗಳ ಟೆಕ್ಸ್ಚರ್‌ಗೇ (ವಸ್ತುಗಳ ಮೇಲ್ಮೈ ಚಿತ್ರಗಳಿಗೇ) ತುಂಬೋಗತ್ತೆ, 12 ಅಥವಾ 16 ನೋಡಿ.

ಮುಖ್ಯವಾದ್ದು ಪವರ್ ಸಪ್ಲೈ. ಕ್ಯಾಬಿನೆಟ್ ಜೊತೆ ಫ್ರೀ ಕೊಡೋ ಡಬ್ಬ ತಗೋಬೇಡಿ ದಯವಿಟ್ಟು, ನಾನು ಹಾಗೆ ಮಾಡಿ ಒಂದಿನ ಕರೆಂಟ್ ಏರಿಳಿದಾಗ ಬೋರ್ಡೂ ಹೋಯ್ತು ಹಾರ್ಡ್ ಡಿಸ್ಕೂ ಹೋಯ್ತು, ಫೋಟೋಗಳೆಲ್ಲ ಹೋದ್ವು, ಇವತ್ತಿಗೂ ಬೇಜಾರು. ಒಳ್ಳೆ 650 ವ್ಯಾಟ್‌ದು, ಗೋಲ್ಡ್ ರೇಟಿಂಗ್ (ಕರೆಂಟ್ ಕಮ್ಮಿ ಪೋಲು ಮಾಡೋದು) ಇರೋದು ತಗೊಳ್ಳಿ, ಮುಂದಿನ ಪಿಸಿಗೂ ಅದೇ ನಡಿಯತ್ತೆ. ಆರ್‌ಜಿಬಿ ಲೈಟು, ಗಾಜಿನ ಕ್ಯಾಬಿನೆಟ್ಟು ಬಿಟ್ರೆ ಆ ದುಡ್ಡು ಇದಕ್ಕೇ ಆಗತ್ತೆ. ಮಾನಿಟರ್ ಯಾವ್ದು ಹೇಳಿ, 1080ಪಿ ಆದ್ರೆ ಕಾರ್ಡ್ ಇನ್ನೂ ಅಗ್ಗದ್ದು ಹೇಳ್ತೀನಿ.