ಮರುಬಳಕೆ ನೀರು ಹಾಕಿದರೆ ಸೀಸದ ನೊರೆಯಲ್ಲಿ ಸತುವೂ ಯಾಕೆ ಬರುತ್ತದೆ?

ಅರೆದ ಅದಿರಿನ ನೀರಿಗೆ ಗಾಳಿಗುಳ್ಳೆ ಬಿಟ್ಟು ಖನಿಜವನ್ನು ನೊರೆಯಲ್ಲಿ ತೇಲಿಸುವಾಗ, ಡಿಸ್ಟಿಲ್ಡ್ ನೀರಿನಲ್ಲಿ ನಿಮ್ಮ ಸೀಸ-ಸತುವಿನ ಅದಿರು ಚೆನ್ನಾಗಿ ಬೇರೆಯಾಗುತ್ತದೆ, ಪ್ಲಾಂಟಿನ ಮರುಬಳಕೆ ನೀರು ಹಾಕಿದರೆ ಸತುವೂ ಸೀಸದ ಜೊತೆ ತೇಲುತ್ತದೆ, ಕ್ಸಾಂಥೇಟ್ (ಖನಿಜದ ಕಣಕ್ಕೆ ಅಂಟಿ ಅದು ಗುಳ್ಳೆಗೆ ಹತ್ತುವಂತೆ ಮಾಡುವ ರಾಸಾಯನಿಕ) ಕಡಿಮೆ ಮಾಡಲೇ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ಆ ನೀರಿನಲ್ಲಿ ತಾಮ್ರ, ಸೀಸ ಎಷ್ಟು ಕರಗಿದೆ ನೋಡಿ. ನನ್ನ ಅನುಮಾನ ಪೂರ್ತಿ ಅದರ ಮೇಲೇ.

ಸ್ಫಾಲರೈಟ್ ಅಂದರೆ ಸತುವಿನ ಸಲ್ಫೈಡ್. ಅದಕ್ಕೆ ಕ್ಸಾಂಥೇಟ್ ಸರಿಯಾಗಿ ಅಂಟುವುದಿಲ್ಲ. ಆದರೆ ನೀರಿನಲ್ಲಿ ತಾಮ್ರದ ಅಯಾನು ಇದ್ದರೆ, ಮೇಲ್ಮೈಯ ಸತು ನೀರಿಗೆ ಇಳಿದು ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಒಳಗೆಲ್ಲ ಸತುವೇ, ಹೊರಗೆ ಮಾತ್ರ ತೆಳುವಾದ ತಾಮ್ರದ ಸಲ್ಫೈಡ್. ಅಷ್ಟು ಸಾಕು. ಕ್ಸಾಂಥೇಟ್ ಅದನ್ನು ಬಿಗಿಯಾಗಿ ಹಿಡಿಯುತ್ತದೆ, ಕಣ ಗುಳ್ಳೆಗೆ ಅಂಟಿ ಮೇಲೆ ಬರುತ್ತದೆ. ಸೀಸದ ಅಯಾನೂ ಸ್ವಲ್ಪ ಮಟ್ಟಿಗೆ ಇದೇ ಕೆಲಸ ಮಾಡುತ್ತದೆ.

ತಾಮ್ರ ಎಲ್ಲಿಂದ ಬಂತು? ಸೀಸ ತೆಗೆದ ಮೇಲೆ ಸತು ತೇಲಿಸಲು ಪ್ಲಾಂಟಿನವರೇ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಹಾಕುತ್ತಾರೆ. ಅದರಲ್ಲಿ ಉಳಿದದ್ದು ಮರುಬಳಕೆ ನೀರಿನ ಜೊತೆ ಸೀಸದ ಹಂತಕ್ಕೇ ವಾಪಸ್ ಬರಬಹುದು. ಅದಿರಿನಲ್ಲಿ ತಾಮ್ರದ ಖನಿಜ ಇದ್ದು ಗಾಳಿಗೆ ಕೆಟ್ಟಿದ್ದರೆ ಅದರಿಂದಲೂ ಬರುತ್ತದೆ.

ನಮ್ಮ ಕಾಸರಗೋಡಿನ ಕಡೆ ಅಡಿಕೆ ತೋಟದವರಿಗೆ ಮೈಲುತುತ್ತು ಹೊಸದಲ್ಲ. ಅದಕ್ಕೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸಿ ಚಾಕು ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ತಾಮ್ರ ಇನ್ನೂ ಕರಗಿಕೊಂಡೇ ಇದೆ, ಸುಣ್ಣ ಸಾಲದು ಅಂತ ಅರ್ಥ. ಚಾಕುವಿನ ಮೇಲೆ ಕೂರುವುದು ತಾಮ್ರದ ಲೋಹ, ಆದ್ದರಿಂದ ಕ್ರಿಯೆ ಸ್ಫಾಲರೈಟಿನದ್ದೇ ಅಲ್ಲ. ಆದರೆ ಪಿಎಚ್ ಏರಿದರೆ ಕರಗಿದ ತಾಮ್ರ ಹೈಡ್ರಾಕ್ಸೈಡ್ ಆಗಿ ಇಳಿಯುವುದು ಎರಡೂ ಕಡೆ ನಿಜ. ಹಾಗಂತ ಸುಮ್ನೆ ಸುಣ್ಣ ಸುರಿಯಬೇಡಿ. ಜಾಸ್ತಿಯಾದರೆ ಸೀಸದ ಖನಿಜವೂ ತೇಲದೆ ಕೂರುತ್ತದೆ, ಹೈಡ್ರಾಕ್ಸೈಡ್ ರೂಪದ ತಾಮ್ರವೂ ನಿಧಾನಕ್ಕೆ ಸ್ಫಾಲರೈಟಿಗೆ ಹತ್ತಬಹುದು. ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಜೊತೆ ಸತುವಿನ ಸಲ್ಫೇಟ್ ಕೊಟ್ಟು ನೋಡಿ. ಸತುವಿನ ಹೈಡ್ರಾಕ್ಸೈಡ್ ಸ್ಫಾಲರೈಟಿನ ಮೇಲೆ ಕೂತು ಕ್ಸಾಂಥೇಟನ್ನು ತಡೆಯುತ್ತದೆ. ಪ್ಲಾಂಟುಗಳಲ್ಲಿ ಸಯನೈಡ್ ಹಾಕುವುದೂ ಉಂಟು, ಅದು ತಾಮ್ರವನ್ನು ಕಟ್ಟಿಹಾಕುತ್ತದೆ. ಕಾಲೇಜು ಲ್ಯಾಬಿನಲ್ಲಿ ಮಾತ್ರ ದಯವಿಟ್ಟು ಬೇಡ. ಆಮ್ಲ ತಾಗಿದರೆ ಪ್ರಾಣ ತೆಗೆಯುವ ಅನಿಲ ಏಳುತ್ತದೆ.

ಅನುಮಾನ ಖಚಿತ ಮಾಡಿಕೊಳ್ಳಲು ಅದೇ ಅದಿರು, ಅದೇ ಪಿಎಚ್, ಡಿಸ್ಟಿಲ್ಡ್ ನೀರು ತೆಗೆದುಕೊಳ್ಳಿ. ಮರುಬಳಕೆ ನೀರಿನಲ್ಲಿ ಸಿಕ್ಕಿದಷ್ಟೇ ತಾಮ್ರವನ್ನು ಮೈಲುತುತ್ತಿನಿಂದ ಸೇರಿಸಿ ತೇಲಿಸಿ. ಸತು ಮೇಲೆ ಬಂದರೆ ತಾಮ್ರವೊಂದೇ ಸಾಕಾಗಿತ್ತು ಅಂತಾಯಿತು. ಬರದಿದ್ದರೆ ಸೀಸದ ನೈಟ್ರೇಟ್ ಸೇರಿಸಿ ಇನ್ನೊಮ್ಮೆ ಮಾಡಿ. ಪ್ರತಿ ಸಲವೂ ಅದಿರನ್ನು ಆಗಷ್ಟೇ ಅರೆಯಿರಿ. ಅರೆದಿಟ್ಟ ಪುಡಿ ಗಾಳಿಗೆ ಕೆಟ್ಟು ತಾನೇ ಅಯಾನು ಬಿಡುತ್ತದೆ, ಆಗ ಹೋಲಿಕೆಗೆ ಅರ್ಥವಿರುವುದಿಲ್ಲ.