ಬಂತಾ? ಬಂತಾ?

ಹಳೇ ರೇಡಿಯೋ, ಟಿವಿ, ಬೀದಿ ಆಟ, ಸಿನಿಮಾ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ಉತ್ತರ. ಉತ್ತರಿಸುವವರು ತಿಪಟೂರಿನ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಆಡಿ ಬೆಳೆದವರು.

ಪ್ರಶ್ನೆ: ಸಾರ್, ಆಂಟೆನಾ ತಿರುಗಿಸಿದರೆ ಚಿತ್ರ ಬರುತ್ತಿತ್ತು. ಕೈ ಬಿಟ್ಟರೆ ಹೋಗುತ್ತಿತ್ತು. ಹಿಡಿದುಕೊಂಡೇ ನಿಂತರೆ ಮಾತ್ರ ಸರಿ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ನನ್ನನ್ನೇ ಅಟ್ಟುತ್ತಿದ್ದರು. ಯಾಕೆ ಹಾಗಾಗುತ್ತಿತ್ತು? — ಓದುಗರು, ಗುಬ್ಬಿ

ಉತ್ತರ: ನೀವೂ ನಮ್ಮ ಪಾರ್ಟಿಯವರೇ ಅನ್ನಿ. ಕೆಳಗೆ ಚಾಪೆ ಮೇಲೆ ಕೂತು ಟಿವಿ ನೋಡಿದವರು ಒಂದು ಪಾರ್ಟಿ. ತಾರಸಿ ಮೇಲೆ ನಿಂತು "ಬಂತಾ? ಬಂತಾ?" ಅಂತ ಕೂಗಿದವರು ಇನ್ನೊಂದು. ಹಳೇ ನೆನಪು ಬರೆಯುವವರೆಲ್ಲ ಮೊದಲನೇ ಪಾರ್ಟಿಯವರು. ನಾವು ಏನೂ ನೋಡಲೇ ಇಲ್ಲವಲ್ಲ, ಬರೆಯುವುದೇನು?

ಆ ಅಲ್ಯೂಮಿನಿಯಂ ಕಡ್ಡಿಗಳಲ್ಲಿ ವೈರ್ ಕೊಟ್ಟಿರುತ್ತಿದ್ದದ್ದು ಒಂದಕ್ಕೆ ಮಾತ್ರ. ಅದರ ಹಿಂದಿನ ಉದ್ದ ಕಡ್ಡಿ ಅಲೆಗಳನ್ನು ಮುಂದಕ್ಕೆ ತಳ್ಳುತ್ತದೆ. ಮುಂದಿರುವ ಗಿಡ್ಡ ಕಡ್ಡಿಗಳು ಅಲೆಗಳನ್ನು ಎಳೆದು ತರುತ್ತವೆ. ಹಾಗಾಗಿ ಗಿಡ್ಡ ಕಡ್ಡಿಗಳ ಮುಖ ಟವರ್ ಕಡೆಗೇ ಇರಬೇಕು. ದೂರದರ್ಶನದ ಬೆಂಗಳೂರು ಕೇಂದ್ರ ಶುರುವಾಗಿದ್ದು 1981ರಲ್ಲಿ. ನಮ್ಮೂರಿಗೆ ಬೆಂಗಳೂರು ಪೂರ್ವ ದಿಕ್ಕು. ಮೊದಮೊದಲು ಟಿವಿ ತಂದವರ ಮನೆ ಮೇಲಿನ ಆಂಟೆನಾಗಳೆಲ್ಲ ಒಂದೇ ಕಡೆ ಮುಖ ಮಾಡಿರುತ್ತಿದ್ದವು. ದಿಕ್ಕು ತಪ್ಪಿದವನು ತಲೆ ಎತ್ತಿ ನೋಡಿದರೆ ಸಾಕು, ಬೆಂಗಳೂರು ಯಾವ ಕಡೆ ಅಂತ ಗೊತ್ತಾಗುತ್ತಿತ್ತು.

ಇನ್ನು ನೀವು ಹಿಡಿದಾಗ ಮಾತ್ರ ಬರುತ್ತಿದ್ದದ್ದು. ಮನುಷ್ಯನ ಮೈಯಲ್ಲಿ ಉಪ್ಪುನೀರು ಜಾಸ್ತಿ. ಅದರಲ್ಲಿ ವಿದ್ಯುತ್ ಹರಿಯುತ್ತದೆ. ಮುಟ್ಟಿದ ಕೂಡಲೇ ನೀವೂ ಆಂಟೆನಾದ ಒಂದು ಕಡ್ಡಿಯಾಗುತ್ತಿದ್ದಿರಿ. ಕೈ ಬಿಟ್ಟರೆ ಆ ಕಡ್ಡಿ ಕಳಚಿದ ಹಾಗೆ. ಸಿಗ್ನಲ್ ಗಟ್ಟಿ ಇರುವ ಊರಿನಲ್ಲಿ ಇದೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ನಮ್ಮಂಥ ದೂರದ ಊರುಗಳಲ್ಲಿ ಅಷ್ಟು ಸಾಕು, ಚಿತ್ರ ಬರಲಿಕ್ಕೂ ಹೋಗಲಿಕ್ಕೂ. ನಮ್ಮಲ್ಲಿ ತೆಂಗಿನ ಮರಗಳ ಕಾಟ ಬೇರೆ. ಮಳೆಯಲ್ಲಿ ನೆಂದ ಗರಿ ಸಿಗ್ನಲ್ ನುಂಗುತ್ತದೆ. ತೋಟದ ಮನೆಯವರು ಬಂದು "ಟಿವಿ ಕೆಟ್ಟಿದೆ, ಬನ್ನಿ" ಅಂದರೆ ನಮ್ಮಪ್ಪ ಮೊದಲು ಕೇಳುತ್ತಿದ್ದದ್ದು "ಮಳೆ ಬಂತೇನಪ್ಪ?" ಅಂತ.

ಚಿತ್ರದ ಬಲಕ್ಕೆ ಇನ್ನೊಂದು ಮಸುಕು ಚಿತ್ರ ಬಂದು, ವಾರ್ತೆ ಓದುವವರಿಗೆ ಎರಡು ಮೂಗು ಕಾಣುತ್ತಿತ್ತಲ್ಲ? ಅದು ಗುಡ್ಡಕ್ಕೋ ನೀರಿನ ಟ್ಯಾಂಕಿಗೋ ಬಡಿದು ಸ್ವಲ್ಪ ತಡವಾಗಿ ಬಂದ ಅದೇ ಸಿಗ್ನಲ್.

ಪ್ರಶ್ನೆ: ಕಪ್ಪು ಬಿಳುಪು ಟಿವಿ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಹಾಕುತ್ತಿದ್ದರು. ಅದು ಕಣ್ಣಿಗೆ ಒಳ್ಳೆಯದು ಅನ್ನುತ್ತಿದ್ದರು. ನಿಜವೇ? — ಓದುಗರು, ಕಡೂರು

ಉತ್ತರ: ಕಣ್ಣಿಗೆ ಏನೂ ಇಲ್ಲ. ಅದನ್ನು ಮಾರುವವರ ಜೇಬಿಗೆ ಒಳ್ಳೆಯದು. ನಮ್ಮ ಅಂಗಡಿಯಲ್ಲೂ ಮಾರಿದ್ದೇವೆ ಬಿಡಿ. ಮೇಲೆ ನೀಲಿ, ಕೆಳಗೆ ಹಸಿರು, ನಡುವೆ ಎಂಥದೋ ಕಿತ್ತಳೆ. ಸಿನಿಮಾದಲ್ಲಿ ನಾಯಕಿಯ ಹಣೆ ನೀಲಿ, ಗದ್ದ ಹಸಿರು. ಕ್ರಿಕೆಟ್‌ಗೆ ಮಾತ್ರ ಹೇಳಿ ಮಾಡಿಸಿದ ಹಾಗಿತ್ತು. ಮೇಲೆ ಆಕಾಶ, ಕೆಳಗೆ ಹುಲ್ಲು. ಕ್ಯಾಮೆರಾ ದೂರದಿಂದ ಮೈದಾನ ತೋರಿಸುವ ತನಕ ಕಲರ್ ಟಿವಿಯೇ!

ಪ್ರಶ್ನೆ: 1986ರ ಶಾರ್ಜಾ ಫೈನಲ್ ನೋಡಿದ್ದಿರಾ? ಆ ಕೊನೆಯ ಬಾಲ್ ಮಾತೆತ್ತಿದರೆ ನಮ್ಮಣ್ಣ ಇವತ್ತಿಗೂ ತಟ್ಟೆ ಬಿಟ್ಟು ಏಳುತ್ತಾನೆ. — ಓದುಗರು, ಅರಸೀಕೆರೆ

ಉತ್ತರ: ನೋಡಿಲ್ಲ. ಕೇಳಿದ್ದೇನೆ.

ಏಪ್ರಿಲ್ 18, ಶುಕ್ರವಾರ. ನಮಗೆ ಬೇಸಿಗೆ ರಜೆ. ರಿಪೇರಿಗೆ ಬಂದಿದ್ದ ಒಂದು ಟಿವಿಯನ್ನು ನಮ್ಮಪ್ಪ ಸರಿ ಮಾಡಿ, ಬೀದಿಗೆ ಮುಖ ಮಾಡಿ ಇಟ್ಟಿದ್ದರು. ಟಿವಿ ಯಾರದೋ, ಮ್ಯಾಚ್ ಎಲ್ಲರದು. ಕೊಬ್ಬರಿ ಮಂಡಿಯ ಹಮಾಲರು ಹೆಗಲ ಮೇಲಿನ ಗೋಣಿತಾಟು ಹಾಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಹಿಂದೆ ಬಸ್ಸಿಗೆ ಹೊರಟವರು, ಹಾಲು ಹಾಕಲು ಬಂದವರು, ಸೈಕಲ್ ಮೇಲೆ ಒಂದು ಕಾಲೂರಿ ನಿಂತವರು. ಸಂಜೆಗೆ ಗಾಳಿ ಎದ್ದಿತು. ಮುಂಗಾರಿಗೆ ಮೊದಲು ನಮ್ಮ ಕಡೆ ಸಂಜೆ ಹೊತ್ತು ಹೀಗೆ ಬೀಸುತ್ತದೆ. ಆಂಟೆನಾ ಕಂಬ ಸುತ್ತಲು ಶುರುವಾಯಿತು. "ಹತ್ತೋ ಮೇಲೆ" ಅಂದರು ಅಪ್ಪ. ಇನ್ಯಾರನ್ನು ಕಳಿಸುತ್ತಾರೆ?

ಕಂಬ ತಬ್ಬಿಕೊಂಡು ನಿಂತವನಿಗೆ ಕೆಳಗಿನ ಗಲಾಟೆಯೇ ಸ್ಕೋರ್‌ಬೋರ್ಡ್. ವಿಕೆಟ್ ಬಿದ್ದರೆ ಒಂದು ಥರ ಕೂಗು. ಅವರು ಫೋರ್ ಹೊಡೆದರೆ "ಥೂ". ನಮ್ಮವರು 245 ಹೊಡೆದಿದ್ದರು. ಪಾಕಿಸ್ತಾನದ ಒಂಬತ್ತು ವಿಕೆಟ್ ಹೋಗಿದ್ದವು. ಒಂದು ಬಾಲ್, ನಾಲ್ಕು ರನ್ ಬೇಕು. ಇಷ್ಟು ನನಗೆ ಗೊತ್ತಿತ್ತು. ಯಾರೋ ಪುಣ್ಯಾತ್ಮ ಮೇಲೆ ನೋಡಿ ಕೂಗಿ ಹೇಳಿದ್ದ.

ಆಮೇಲೆ ಸದ್ದೇ ಇಲ್ಲ. ನಾನು ತಿಳಿದುಕೊಂಡಿದ್ದು ಚಿತ್ರ ಹೋಯಿತು ಅಂತ. ಕಂಬ ಸ್ವಲ್ಪ ಎಡಕ್ಕೆ ತಿರುಗಿಸಿ "ಬಂತಾ?" ಅಂದೆ. ಉತ್ತರವಿಲ್ಲ. ಬಲಕ್ಕೆ ತಿರುಗಿಸಿದೆ. "ಬಂತಾ?" ಗೋಣಿತಾಟು ಕೊಡವಿ ಎದ್ದ ಹಮಾಲರೊಬ್ಬರು ತಲೆ ಎತ್ತಿ, "ಬರೋದು ಬಂತು, ಇಳಿಯಪ್ಪ ಕೆಳಗೆ" ಅಂದರು. ಚೇತನ್ ಶರ್ಮಾ ಫುಲ್‌ಟಾಸ್ ಹಾಕಿ, ಮಿಯಾಂದಾದ್ ಸಿಕ್ಸ್ ಎತ್ತಿ ಆಗಿತ್ತು. ಅವರದು ಔಟಾಗದೆ 116. ಬೀದಿ ಖಾಲಿಯಾಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಷ್ಟು ಜನ ಮಾತಿಲ್ಲದೆ ಕರಗಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ನಿಮ್ಮಣ್ಣನಿಗೆ ಒಂದು ಮಾತು ಹೇಳಿ. ಮುಂದಿನ ವರ್ಷ ಅಕ್ಟೋಬರ್ 31ಕ್ಕೆ, ನಾಗಪುರದಲ್ಲಿ, ವಿಶ್ವಕಪ್‌ನಲ್ಲಿ ಹ್ಯಾಟ್ರಿಕ್ ತೆಗೆದದ್ದು ಅದೇ ಚೇತನ್ ಶರ್ಮಾ. ನ್ಯೂಜಿಲೆಂಡಿನ ಮೂವರೂ ಬೌಲ್ಡ್. ಗವಾಸ್ಕರ್ ತಮ್ಮ ಒಂದೇ ಒಂದು ಏಕದಿನ ಶತಕ ಹೊಡೆದದ್ದೂ ಆವತ್ತೇ. ಅದಕ್ಕೆ ಯಾರೂ ತಟ್ಟೆ ಬಿಟ್ಟು ಏಳುವುದಿಲ್ಲ. ಶರ್ಮಾ ಅಂದರೆ ಆ ಒಂದು ಬಾಲ್ ಮಾತ್ರ. ಇದು ಅನ್ಯಾಯ ಅಲ್ವಾ?

ಪ್ರಶ್ನೆ: ಬೀದಿ ಕ್ರಿಕೆಟ್‌ನಲ್ಲಿ ನೀವು ಬ್ಯಾಟ್ಸ್‌ಮನ್ನೋ ಬೌಲರೋ? — ಓದುಗರು, ಚಿಕ್ಕನಾಯಕನಹಳ್ಳಿ

ಉತ್ತರ: ಜೋಕರ್. ಎರಡೂ ಕಡೆ ಆಡುವವನು. ಆಟಗಾರರ ಸಂಖ್ಯೆ ಬೆಸ ಆದಾಗ ಮಿಕ್ಕುವವನು ಯಾವಾಗಲೂ ನಾನೇ.

ಬ್ಯಾಟು ಹೆಡೆಮಟ್ಟೆಯದು, ಅಂದರೆ ತೆಂಗಿನ ಗರಿಯ ಬುಡದ ದಪ್ಪ ಭಾಗ. ತೆಂಗಿನ ಸೀಮೆಯಲ್ಲಿ ಬ್ಯಾಟಿಗೆ ದುಡ್ಡು ಕೊಡುವವನು ಮೂರ್ಖ. ಒಣಗಿದ್ದು ಹಗುರ, ಆದರೆ ಬೇಗ ಸೀಳುತ್ತದೆ. ಹಸಿಯದು ಭಾರ, ಕೈ ಜುಮ್ಮೆನ್ನುತ್ತದೆ. ಅರೆ ಒಣಗಿದ್ದನ್ನು ಮಚ್ಚಿನಲ್ಲಿ ಕೆತ್ತಿ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಬೇಕು. ಒನ್ ಪಿಚ್ ಒನ್ ಹ್ಯಾಂಡ್ ಔಟ್, ಅಂದರೆ ಒಂದು ಪಿಚ್ ಬಿದ್ದ ಬಾಲನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ಕಾಂಪೌಂಡ್ ದಾಟಿದರೆ ಔಟ್, ಹೊಡೆದವನೇ ಹೋಗಿ ತರಬೇಕು. ಮೊದಲನೇದು ಟ್ರಯಲ್ ಬಾಲ್, ಅದರಲ್ಲಿ ಔಟಾದರೆ ಲೆಕ್ಕಕ್ಕಿಲ್ಲ.

ವಿಕೆಟ್ ಕೀಪಿಂಗ್ ಯಾರಿಗೂ ಬೇಡದ ಕೆಲಸವಾಗಿತ್ತು. ಚರಂಡಿಗೆ ಬಿದ್ದ ಬಾಲ್ ಎತ್ತುವವನೂ ಅವನೇ ತಾನೇ? 1985ರ ಮಾರ್ಚ್‌ನಲ್ಲಿ ಎಲ್ಲ ಉಲ್ಟಾ ಆಯಿತು. ಆಸ್ಟ್ರೇಲಿಯಾದಲ್ಲಿ ನಡೆದ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಗವಾಸ್ಕರ್ ತಂಡ ಗೆದ್ದಿತು. ರವಿಶಾಸ್ತ್ರಿಗೆ ಔಡಿ ಕಾರ್ ಸಿಕ್ಕಿತು. ದೇಶವೆಲ್ಲ ಕಾರ್ ನೋಡಿತು, ನಮ್ಮ ಬೀದಿ ಮಾತ್ರ ಬೆಂಗಳೂರಿನ ವಿಕೆಟ್ ಕೀಪರ್ ಸದಾನಂದ ವಿಶ್ವನಾಥ್ ಅವರನ್ನು ನೋಡಿತು. ಮೆಲ್ಬರ್ನ್ ಫೈನಲ್‌ನಲ್ಲಿ ಶಿವರಾಮಕೃಷ್ಣನ್ ಬಾಲ್‌ಗೆ ಮಿಯಾಂದಾದ್ ಮುಂದೆ ಬಂದರು, ಹಿಂದೆ ಬೇಲ್ಸ್ ಹಾರಿದ್ದವು. ಸೋಮವಾರ ಬೆಳಿಗ್ಗೆಯಿಂದ ಎಲ್ಲರಿಗೂ ಕೀಪಿಂಗೇ ಬೇಕು. ಬೌಲಿಂಗ್ ಮಾಡಲು ಜನವಿಲ್ಲ. ಜೋಕರ್‌ಗೆ ಮೊದಲ ಸಲ ಓವರ್ ಸಿಕ್ಕಿತು.

ಪ್ರಶ್ನೆ: 'ಮಾಲ್ಗುಡಿ ಡೇಸ್' ಧಾರಾವಾಹಿಯ ಸ್ವಾಮಿಯ ಮಾಲ್ಗುಡಿ ನಿಮ್ಮೂರಿನ ಹಾಗೇ ಇತ್ತು ಅಂತ ಅನ್ನಿಸುತ್ತಿತ್ತಾ? — ಓದುಗರು, ಶಿವಮೊಗ್ಗ

ಉತ್ತರ: ಇಲ್ಲ, ನಮ್ಮೂರು ಅಷ್ಟು ಚೆಂದ ಇರಲಿಲ್ಲ. ಆಗುಂಬೆಯ ಮಳೆ, ಆ ದೊಡ್ಡ ಮನೆ ನಮಗೆಲ್ಲಿ? ಆದರೆ ಅದರ ರೈಲ್ವೆ ಸ್ಟೇಷನ್ ನಿಮ್ಮ ಅರಸಾಳು. ತಿಪಟೂರು ದಾಟಿ ಹೋಗುವ ತಾಳಗುಪ್ಪದ ರೈಲು ಹಿಡಿದರೆ ಆ ದಾರಿಯಲ್ಲೇ ಸಿಗುತ್ತದೆ. ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ.

ಆ ಧಾರಾವಾಹಿ ಮಾಡಿದ ಶಂಕರ್ ನಾಗ್ ಅಂದರೆ ನನಗೆ ನೆನಪಾಗುವುದು 1990ರ ಸೆಪ್ಟೆಂಬರ್ 30, ಭಾನುವಾರ. ದಾವಣಗೆರೆ ಹತ್ತಿರದ ಅಪಘಾತದ ಸುದ್ದಿ ಬಾಯಿಂದ ಬಾಯಿಗೆ ಬಂತು, ಯಾರೂ ನಂಬಲಿಲ್ಲ. ಆಟೋದವರು ಒಬ್ಬೊಬ್ಬರಾಗಿ ನಮ್ಮ ಅಂಗಡಿ ಮುಂದೆ ಬಂದು ನಿಂತರು. ರೇಡಿಯೋ ಹೇಳಿದರೆ ಮಾತ್ರ ನಿಜ ಅಂತ ಅವರ ಲೆಕ್ಕ. ಅಪ್ಪ ವಾರ್ತೆಗೆ ಸೆಟ್ ಹಾಕಿದರು. ವಾರ್ತೆ ಮುಗಿದ ಮೇಲೆ ಒಬ್ಬರು, "ಇನ್ನೊಂದ್ಸಲ ಹಾಕಿ ಸಾಮಿ" ಅಂದರು. ವಾರ್ತೆಯನ್ನು ಇನ್ನೊಂದು ಸಲ ಹೇಗೆ ಹಾಕುವುದು? ಅಪ್ಪ ಸುಮ್ನೆ ಕೂತರು. ಮುಂದಿನ ವಾರ್ತೆವರೆಗೂ ಯಾರೂ ಅಲ್ಲಿಂದ ಕದಲಲಿಲ್ಲ.

ಪ್ರಶ್ನೆ: ಈಗ ಮ್ಯಾಚ್ ಎಲ್ಲಿ ನೋಡುತ್ತೀರಿ? — ಓದುಗರು, ತುಮಕೂರು

ಉತ್ತರ: ಮೊಬೈಲಿನಲ್ಲಿ. ಇಂಟರ್ನೆಟ್‌ನಲ್ಲಿ ಬರುವ ಚಿತ್ರ ಡಿಶ್‌ಗಿಂತ ಒಂದಷ್ಟು ಸೆಕೆಂಡ್ ಹಿಂದೆ. ನನ್ನ ಮೊಬೈಲಲ್ಲಿ ಬೌಲರ್ ಇನ್ನೂ ಓಡುತ್ತಿರುತ್ತಾನೆ, ಪಕ್ಕದ ಮನೆಯಲ್ಲಿ "ಹೋ" ಅಂತ ಕೂಗು. ನೋಡಿ, ಈಗಲೂ ನನಗೆ ಸದ್ದೇ ಮೊದಲು.

ಪ್ರಶ್ನೆ: ಅಟ್ಟದ ಮೇಲೆ ನಮ್ಮ ತಾತನ ವಾಲ್ವ್ ರೇಡಿಯೋ ಸಿಕ್ಕಿದೆ, ಒಳಗೆ ಗಾಜಿನ ಬುರುಡೆ ಇರುವ ಹಳೇ ಸೆಟ್. ಮರ್ಫಿ. ಮಗ ಕೆನಡಾದಿಂದ ಬರುವಷ್ಟರಲ್ಲಿ ಹಾಡಿಸಬೇಕು ಅಂತ ಆಸೆ. ಪ್ಲಗ್‌ಗೆ ಹಾಕಿ ನೋಡಲೇ? — ಓದುಗರು, ತುರುವೇಕೆರೆ

ಉತ್ತರ: ದಮ್ಮಯ್ಯ, ಹಾಕಬೇಡಿ ಅಮ್ಮ! ವರ್ಷಗಟ್ಟಲೆ ಸುಮ್ಮನೆ ಕೂತ ಸೆಟ್‌ನಲ್ಲಿ ಕಂಡೆನ್ಸರ್ ಒಣಗಿರುತ್ತದೆ. ಒಮ್ಮೆಗೇ ಪೂರಾ ಕರೆಂಟು ಕೊಟ್ಟರೆ ಅದು ಸಿಡಿದು, ಜೊತೆಗೆ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಕಂಡೆನ್ಸರ್ ಇವತ್ತೂ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಸಿಗುವುದು ಕಷ್ಟ.

ಹಿಂದಿನ ರಟ್ಟು ನೀವು ಬಿಚ್ಚಬೇಡಿ. ವಾಲ್ವ್ ಸೆಟ್‌ನೊಳಗೆ ಇನ್ನೂರು ವೋಲ್ಟ್‌ಗಿಂತ ಜಾಸ್ತಿ ಓಡಾಡುತ್ತದೆ. ಹಳೇ ಕೈ ಒಬ್ಬರನ್ನು ಹುಡುಕಿ, "ಸೀರೀಸ್ ಬಲ್ಬ್ ಹಾಕಿ ಆನ್ ಮಾಡುತ್ತೀರಾ?" ಅಂತ ಕೇಳಿ. "ಹೌದು" ಅಂದರೆ ಸೆಟ್ ಕೊಡಿ. "ಅದ್ಯಾಕೆ?" ಅಂದರೆ ವಾಪಸ್ ತನ್ನಿ. ಕರೆಂಟು ಮೊದಲು ಒಂದು ಬಲ್ಬ್ ದಾಟಿ ಆಮೇಲೆ ಸೆಟ್‌ಗೆ ಹೋಗುವ ಹಾಗೆ ಜೋಡಿಸುವುದೇ ಸೀರೀಸ್ ಬಲ್ಬ್. ಶಾರ್ಟ್ ಇದ್ದರೆ ಬಲ್ಬ್ ಪೂರಾ ಉರಿಯುತ್ತದೆ, ರೇಡಿಯೋ ಉಳಿಯುತ್ತದೆ.

ಆನ್ ಮಾಡಿದ ಕೂಡಲೇ ಹಾಡಲಿಲ್ಲ ಅಂತ ಗಾಬರಿ ಬೇಡ. ವಾಲ್ವ್ ಬಿಸಿಯಾಗಬೇಕು, ಅದಕ್ಕೆ ಅರ್ಧ ನಿಮಿಷ ಬೇಕು. ಆಮೇಲೆ ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಹುಡುಕಿ, 612 ಕಿಲೋಹರ್ಟ್ಸ್. ಹಗಲಲ್ಲಿ ಅಷ್ಟೇ ಸಿಕ್ಕೀತು. ರಾತ್ರಿ ಆಕಾಶದ ಮೇಲಿನ ಪದರಕ್ಕೆ ಬಡಿದು ದೂರದ ಅಲೆಗಳೂ ಇಳಿದು ಬರುತ್ತವೆ. ಮನೆಯ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಎಲ್ಲ ಆಫ್ ಮಾಡಿ ಕೇಳಿ, ಇಲ್ಲದಿದ್ದರೆ ಬರೀ ಗೊರಗೊರ.

ಮರದ ಪೆಟ್ಟಿಗೆಗೆ ಹೊಸ ಪಾಲಿಶ್ ಹೊಡೆಸಬೇಡಿ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಸ್ಪೀಕರ್ ಮುಂದಿನ ಬಟ್ಟೆಯನ್ನಂತೂ ಒಗೆಯಲೇಬೇಡಿ. ಕುಗ್ಗಿದರೆ ಮತ್ತೆ ಕೂರುವುದಿಲ್ಲ.