ನೆಬ್ರಾಸ್ಕಾದಲ್ಲಿ ನಂಗೆ ಸಿಕ್ಕಿದ ಅಜ್ಜಿ

ತಂಗೀ, ನಿಮ್ಮ ಯಜಮಾನ್ರಿಗೆ ಜೆ-1 ವೇವರ್ (ಟ್ರೇನಿಂಗ್ ಮುಗಿದ್ಮೇಲೆ ದೇಶಕ್ಕೆ ವಾಪಸ್ ಹೋಗ್ಬೇಕು ಅನ್ನೋ ವೀಸಾ ನಿಯಮದಿಂದ ವಿನಾಯ್ತಿ) ಮೇಲೆ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಸಣ್ಣ ಊರಲ್ಲಿ 3 ವರ್ಷದ ಡಾಕ್ಟರ್ ಕೆಲಸ ಸಿಕ್ಕಿದೆ, ಅಲ್ಲಿ ನಮ್ಮೋರು ಒಬ್ರೂ ಇಲ್ವಂತೆ, ನಾನೊಬ್ಬಳೇ ಮನೇಲಿ ಕೂತು ಏನ್ ಮಾಡ್ಲಿ ಅಂತ ಕೇಳಿದ್ಯಲ್ಲ, ಓದ್ತಾ ಓದ್ತಾ ನನ್ನ 2006ನೇ ಇಸವಿನೇ ಕಣ್ಮುಂದೆ ಬಂತು. ನಾವೂ 3 ವರ್ಷಕ್ಕೆ ಅಂತ ಬಂದೋರು, ಇನ್ನೂ ಇಲ್ಲೇ ಇದೀವಿ. ಯಾಕೆ ಉಳ್ಕೊಂಡ್ವಿ ಅನ್ನೋದಕ್ಕೆ ಒಬ್ರು ಅಜ್ಜಿ ವಿಷಯ ಹೇಳ್ಬೇಕು, ಹೋದ ಚಳಿಗಾಲದಲ್ಲಿ ತೀರ್ಕೊಂಡ್ರು, ಇನ್ನೂ ಅವರ ನಂಬರ್ ಫೋನಿಂದ ತೆಗೆಯೋಕೆ ಮನಸ್ಸು ಬಂದಿಲ್ಲ.

ನಾವಿರೋದು ಚೆರ್ರಿ ಕೌಂಟಿ, ಈ ಕಡೆಗೆಲ್ಲಾ ಸ್ಯಾಂಡ್‌ಹಿಲ್ಸ್ ಅಂತಾರೆ, ಮರಳು ದಿಬ್ಬದ ಮೇಲೆ ಹುಲ್ಲು ಹಬ್ಬಿ ನಿಂತಿರೋ ಜಾಗ. ಉಳುಮೆ ಮಾಡಿದ್ರೆ ಮರಳು ಗಾಳಿಗೆ ಹಾರತ್ತೆ ಅಂತ ಬೇಸಾಯ ಕಮ್ಮಿ, ದನಾನೇ ಜೀವನ. ನಮ್ಮ ಹಾಸನ ಜಿಲ್ಲೆಯ ಎರಡರಷ್ಟಕ್ಕಿಂತ ದೊಡ್ಡದು ಈ ಒಂದು ಕೌಂಟಿ, ಜನ ಮಾತ್ರ ಸುಮಾರು ಐದೂವರೆ ಸಾವಿರ. ಬೇಳೆ, ಹುಣಸೆಹಣ್ಣು ಬೇಕಂದ್ರೆ ದೊಡ್ಡ ಊರು ಒಮಾಹಾಗೆ ಐದು ಗಂಟೆ ಡ್ರೈವ್. ಆಗ ಎಚ್-4 ವೀಸಾದಲ್ಲಿ (ಗಂಡನ ಎಚ್-1ಬಿ ಕೆಲಸದ ವೀಸಾ ಜೊತೆ ಸಿಗೋದು) ಬಂದ ಹೆಂಡ್ತೀರು ಕೆಲಸ ಮಾಡೋ ಹಾಗೇ ಇರ್ಲಿಲ್ಲ (2015ರಿಂದ ಕೆಲವರಿಗೆ ಪರ್ಮಿಟ್ ಸಿಗತ್ತೆ, ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡಿಗೆ ಹಾಕೋ ಐ-140 ಅರ್ಜಿ ಅಪ್ರೂವ್ ಆಗಿರ್ಬೇಕು, ಮೊದ್ಲು ಅದನ್ನ ಕೇಳ್ಕೋ). ನಾನು ಮೊದಲ ಚಳಿಗಾಲ ಪೂರ್ತಿ ಕಿಟಕಿ ಹತ್ರ ಕೂತು ಅತ್ತಿದೀನಿ.

ಮಾರ್ಚ್ ತಿಂಗಳ ಒಂದು ರಾತ್ರಿ ಪಕ್ಕದ ರಾಂಚಿನ (ರಾಂಚ್ ಅಂದ್ರೆ ದನ ಸಾಕೋ ದೊಡ್ಡ ಜಮೀನು) ಅಜ್ಜಿ ಪಿಕಪ್ ಓಡಿಸ್ಕೊಂಡು ಬಂದು ಬಾಗಿಲು ತಟ್ಟಿದ್ರು. ಪಕ್ಕ ಅಂದ್ರೆ 6 ಮೈಲಿ ಮತ್ತೆ. ಮಗ ಊರಲ್ಲಿರ್ಲಿಲ್ಲ, ಕಡಸೊಂದು ಕರು ಹಾಕೋಕಾಗ್ದೆ ಒದ್ದಾಡ್ತಿದೆ, ಅವರ ಕೈ ಸಂಧಿವಾತದಿಂದ ಗಂಟು ಗಂಟು. ನನ್ನ ಕೈ ಹಿಡ್ಕೊಂಡು ನೋಡಿ, ಸಣ್ಣ ಕೈ, ಬರ್ತೀಯಾ ಅಂದ್ರು ಅಷ್ಟೇ. ನಾನು ಚನ್ನರಾಯಪಟ್ಟಣದ ಕಡೆಯೋಳು, ಮನೇಲಿ 4 ಹಸು ಇತ್ತು, ಆದ್ರೆ ಒಳಗೆ ಕೈ ಹಾಕೋದೆಲ್ಲ ನಮ್ಮಜ್ಜಂದೇ ಕೆಲಸ, ನಾನು ಬರೀ ದೀಪ ಹಿಡಿತಿದ್ದೆ. ಅವತ್ತು ಮೊಳಕೈವರೆಗೂ ಸೋಪು ಹಚ್ಕೊಂಡು ಅವರು ಹೇಳ್ದಂಗೆ ಮಡಚಿಕೊಂಡಿದ್ದ ಮುಂಗಾಲು ಹುಡುಕಿ ಮೆಲ್ಲಗೆ ಮುಂದಕ್ಕೆ ತಂದೆ, ಗೊರಸು ಗರ್ಭಕ್ಕೆ ತಾಗ್ದಂಗೆ ಅಂಗೈಲಿ ಮುಚ್ಕೊಂಡು. ಕರು ಬಿತ್ತು, ಉಸಿರಿಲ್ಲ. ಅಜ್ಜಿ ಒಂದು ಹುಲ್ಲುಕಡ್ಡಿ ತಗೊಂಡು ಅದರ ಮೂಗೊಳಗೆ ತುರುಕಿ ತಿರುಗಿಸಿದ್ರು. ನಮ್ಮಜ್ಜ ಮಾಡ್ತಿದ್ದಿದ್ದೂ ಇದನ್ನೇ! ಕರು ಸೀನಿ ತಲೆ ಕೊಡವಿದ್ದೇ ತಡ ನಾನು ಕೊಟ್ಟಿಗೆಲೇ ಕೂತು ಜೋರಾಗಿ ಅತ್ಬಿಟ್ಟೆ.

ಗಿಣ್ಣು ಹಾಲು ಅವರು ಫ್ರೀಜರಿನಲ್ಲಿ ಇಡ್ತಾರೆ, ತಾಯಿ ಇಲ್ದಿರೋ ಕರುಗೆ ಹುಟ್ಟಿದ ಕೆಲವು ಗಂಟೆ ಒಳಗೆ ಅದು ಹೊಟ್ಟೆಗೆ ಹೋಗ್ಲೇಬೇಕು, ಇಲ್ಲಾಂದ್ರೆ ರೋಗ ತಡ್ಕೊಳಲ್ಲ. ಕೇಳಿದ್ದಕ್ಕೆ ನಂಗೂ ಒಂದು ಬಾಟಲಿ ಕೊಟ್ರು. ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡಿ ತಗೊಂಡೋದೆ. ಅಷ್ಟು ವರ್ಷ ದನದ ಮಧ್ಯೆ ಇದ್ರೂ ಇದನ್ನ ತಿಂದಿರ್ಲಿಲ್ವಂತೆ, ತಟ್ಟೆ ಖಾಲಿ ಮಾಡಿ ಮೊಮ್ಮಕ್ಕಳಿಗೂ ಬೇಕು ಅಂದ್ರು.

ಆಮೇಲೆ ಪ್ರತಿ ವರ್ಷ ಮಾರ್ಚ್‌ನಲ್ಲಿ ರಾತ್ರಿ 2 ಗಂಟೆ ಪಾಳಿ ನಂದೇ. ಚೊಚ್ಚಲು ಕಡಸುಗಳನ್ನ ಎರಡೆರಡು ಗಂಟೆಗೆ ಹೋಗಿ ನೋಡ್ಬೇಕು, ಸೊನ್ನೆಗಿಂತ ಕೆಳಗಿನ ಚಳೀಲಿ ಒದ್ದೆ ಕರುವಿನ ಕಿವಿ ಬಾಲ ಹೆಪ್ಪುಗಟ್ಟಿ ಹೋಗತ್ತೆ. ಒಂದ್ಸಲ ಒಂದು ಹಸುವಿನ ಕರು ಸತ್ತೋಯ್ತು, ಇನ್ನೊಂದು ಕರುಗೆ ತಾಯಿ ಇಲ್ಲ, ಅಜ್ಜಿ ಸತ್ತ ಕರುವಿನ ಚರ್ಮ ಸುಲಿದು ಅಂಗಿ ತರ ತಬ್ಬಲಿಗೆ ತೊಡಿಸಿದ್ರು, ಹಸು ಮೂಸಿ ನೋಡಿ ಸ್ವಲ್ಪ ಹೊತ್ತಿಗೆ ಕೆಚ್ಚಲು ಕೊಡ್ತು. ನಮ್ಮೂರಲ್ಲಿ ಕರು ಸತ್ರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಹಸು ಮುಂದೆ ನಿಲ್ಲಿಸ್ತಿದ್ರು ಅಂದೆ. ಅದಕ್ಕವರು, ಹಂಗಾದ್ರೆ ನಿಮ್ಮೋರಿಗೂ ಹಸು ದುಃಖ ಗೊತ್ತು ಅಂದ್ರು.

ಅವರ ತಾತ ಇಲ್ಲಿಗೆ ಬಂದಿದ್ದು 1904ರ ಕಿಂಕೇಡ್ ಕಾಯ್ದೆ (ಇಲ್ಲಿ ಬಂದು ನೆಲೆಸೋರಿಗೆ ಸರ್ಕಾರ ಭೂಮಿ ಕೊಡೋ ಕಾಯ್ದೆ) ಆದ್ಮೇಲೆ, 640 ಎಕರೆ ತಗೊಂಡು. ನಮ್ಮ ಕಡೆ ಅಷ್ಟು ಭೂಮಿ ಇದ್ರೆ ಜಮೀನ್ದಾರ, ಇಲ್ಲಿ ಅಷ್ಟರಲ್ಲಿ ಒಂದು ಸಂಸಾರ ಬದುಕೋದೇ ಕಷ್ಟ, ಎಷ್ಟೋ ಜನ ಮಾರಿ ಹೊರಟೋದ್ರಂತೆ. 1949ರ ಜನವರಿ ಹಿಮಬಿರುಗಾಳಿಗೆ ಅಜ್ಜಿಗೆ 9 ವರ್ಷ. ಸೈನ್ಯದೋರು ಬುಲ್ಡೋಜರಿನಲ್ಲಿ ದಾರಿ ಬಿಡಿಸಿದ್ದು, ವಿಮಾನದಿಂದ ದನಕ್ಕೆ ಹುಲ್ಲು ಎಸೆದಿದ್ದು ಎಲ್ಲಾ ಹೇಳೋರು, ಆದ್ರೆ ನಿಂತಲ್ಲೇ ಸತ್ತಿದ್ದ ಹಸುಗಳ ವಿಷಯ ಬಂದ್ರೆ ಮಾತು ನಿಲ್ಲಿಸೋರು. ಗಂಡ ಹೋದ್ಮೇಲೆ ಮಗನ ಜೊತೆ ನಿಂತು ರಾಂಚ್ ನಡೆಸಿದ್ರು. 9 ಮೊಮ್ಮಕ್ಕಳು, ಒಂದೊಂದು ಹುಟ್ಟಿದಾಗ್ಲೂ ಒಂದು ಹೆಣ್ಣುಗರು ಅದರ ಹೆಸರಿಗೆ. ನನ್ನ ಮಗಳು ಹುಟ್ಟಿದಾಗ ಅವಳ ಹೆಸರಿಗೂ ಒಂದು ಬಿಟ್ರು, ಕಿವಿಗೆ ಹಳದಿ ಟ್ಯಾಗ್ ಹಾಕಿ. ಅವಳು ಅಜ್ಜಿ ಅಂತ್ಲೇ ಕರೀತಿದ್ಲು, ಅವರು ಓ ಅನ್ನೋರು.

ಮೇ ತಿಂಗಳ ಬ್ರಾಂಡಿಂಗ್‌ಗೆ (ಕಾದ ಕಬ್ಬಿಣದಿಂದ ಕರುಗಳ ಮೈಮೇಲೆ ಮನೆಯ ಗುರುತು ಒತ್ತೋದು) ಅಕ್ಕಪಕ್ಕದ ರಾಂಚಿನೋರೆಲ್ಲಾ ಸೇರ್ತಾರೆ, ನಮ್ಮಲ್ಲಿ ಮುಯ್ಯಾಳು ಇದ್ದಂಗೆ, ಇವತ್ತು ನಿಮ್ಮನೆ ನಾಳೆ ಅವರ ಮನೆ. ಮೂವತ್ತು ನಲವತ್ತು ಜನಕ್ಕೆ ಊಟ. ನಾವು ದನ ತಿನ್ನಲ್ಲ ಅಂತ ಒಂದೇ ಸಲ ಹೇಳಿದ್ದು ಅಷ್ಟೇ, ಅವತ್ತಿಂದ ಕೊನೆವರೆಗೂ ನಮಗೆ ಬೇರೆ ಪಾತ್ರೆ, ಬೇರೆ ಸೌಟು, ಆಲೂಗೆಡ್ಡೆ ಚೀಸು. ಬಚ್ಚಿಟ್ಟು ಹೇಳೋದು ಬೇಡ, ಅಕ್ಟೋಬರಿನಲ್ಲಿ ತಾಯಿಂದ ಬೇರೆ ಮಾಡಿದ ಕರುಗಳನ್ನ ಮಾರಾಟಕ್ಕೆ ಲಾರಿಗೆ ಹತ್ತಿಸೋ ದಿನ ನಾನು ಯಾವತ್ತೂ ಹೋಗಿಲ್ಲ. ಹಸುಗಳು ಮೂರು ದಿನ ಅಂಬಾ ಅಂತಾನೇ ಇರ್ತವೆ, ಗಾಳಿ ಇದ್ರೆ ನಮ್ಮನೆವರೆಗೂ ಕೇಳತ್ತೆ. ನಂಗೆ ಅದು ಇವತ್ತಿಗೂ ಅರಗಿಲ್ಲ. ಅಜ್ಜಿಗೆ ಗೊತ್ತಿತ್ತು, ಆ ವಾರ ಬಾ ಅಂತ ಕರೀತಾನೇ ಇರ್ಲಿಲ್ಲ.

ಒಂದು ವಿಷಯ ನೆನಪಲ್ಲಿಟ್ಕೋ, ಇಲ್ಲಿ ಯಾರನ್ನೂ ನಿಮ್ಮ ಹತ್ರ ಎಷ್ಟು ದನ, ಎಷ್ಟು ಎಕರೆ ಅಂತ ಕೇಳ್ಬೇಡ, ಬ್ಯಾಂಕಲ್ಲಿ ಎಷ್ಟು ದುಡ್ಡಿದೆ ಅಂತ ಕೇಳ್ದಂಗೆ. ರೋಡಲ್ಲಿ ಎದುರು ಬರೋರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ, ನೀನೂ ಎತ್ತು.

ಅಜ್ಜಿ ಮಣ್ಣಿನ ದಿನ ಮೊಮ್ಮಕ್ಕಳು ಒಬ್ಬೊಬ್ಬರೇ ಬಂದು ಮರದ ಪೆಟ್ಟಿಗೆ ಮೇಲೆ ಮನೆಯ ಬ್ರಾಂಡ್ ಕಾಯಿಸಿ ಒತ್ತಿದ್ರು. ಅವರ ಕುದುರೆ ಖಾಲಿ ಜೀನು ಹೊತ್ಕೊಂಡು ಹಿಂದೆ ಬಂತು. ಒಂಬತ್ತು ಮೊಮ್ಮಕ್ಕಳೂ ಒತ್ತಿ ಆದ್ಮೇಲೆ ಅಜ್ಜಿ ಮಗ ಕಬ್ಬಿಣ ತಗೊಂಡು ನೇರ ನನ್ನ ಮಗಳ ಹತ್ರ ಬಂದ್ರು, ಅವಳ ಕೈ ನಡುಗ್ತಿತ್ತು, ಅವರೇ ಜೊತೆಗೆ ಹಿಡ್ಕೊಂಡ್ರು. ಚರ್ಚಿನ ಕೆಳಗಿನ ಹಾಲಿನಲ್ಲಿ ಊಟ ಇತ್ತು, ಅಲ್ಲಿ ಮೂಲೇಲಿ ಒಂದು ಬೇರೆ ಪಾತ್ರೆ, ಬೇರೆ ಸೌಟು ಇತ್ತು, ಅವರ ಸೊಸೆ ಇಟ್ಟಿದ್ದು.

ನೀವು ಫೆಬ್ರವರಿ ಕೊನೆಗೆ ಬರ್ತಿದೀರಿ ಅಂದ್ಯಲ್ಲ. ದಪ್ಪ ಉಣ್ಣೆ ಕಾಲುಚೀಲ ತಗೊಂಬಾ, ಬೂಟು ತರ್ಬೇಡ, ಅಜ್ಜಿ ರಬ್ಬರ್ ಬೂಟು ನಮ್ಮನೇಲಿದೆ, 7ನೇ ಸೈಜು. ನಿಂಗೆ ಆಗತ್ತಾ ಹೇಳು.